ಪೆಟ್ಟಿಗೆಯೊಳಗೆ ನಡೆದ ಮೊಣಕಾಲು

ಮನುಷ್ಯರ ಮೊಣಕಾಲನ್ನು ಮನುಷ್ಯರಿಂದ ಬೇರೆಯಾಗಿಟ್ಟು ಒಂದು ವರ್ಷ ನಡೆಸಿ ನೋಡುವುದು ನನ್ನ ಉದ್ಯೋಗ. ಮದುವೆ ಮನೆಯ ಪಂಕ್ತಿಯಲ್ಲಿ ಯಾರಾದರೂ ಕೇಳಿದಾಗ ಹೀಗೇ ಹೇಳಿದರೆ ಪಕ್ಕದವರು ಎಲೆಯನ್ನು ಅರ್ಧ ಗೇಣು ಅತ್ತ ಸರಿಸಿಕೊಳ್ಳುತ್ತಾರೆ. ಆದ್ದರಿಂದ ಈಚೆಗೆ ಆಸ್ಪತ್ರೆಯಲ್ಲಿ ಕೆಲಸ ಎಂದಷ್ಟೇ ಹೇಳುತ್ತೇನೆ. ಹೆಸರು ಸದಾಶಿವ ಬಿಳ್ಳೂರ, ಇರುವುದು ಬಾಗಲಕೋಟೆ.

ನಮ್ಮ ಪರೀಕ್ಷಾ ಕೇಂದ್ರ ಹುಟ್ಟಿದ್ದು ಜನರ ಸಿಟ್ಟಿನಿಂದ. ನಾನು ಕಾಲೇಜಿನಲ್ಲಿದ್ದಾಗ ಊರೂರಿಗೂ ಸ್ಟೆಮ್ ಸೆಲ್ ಕ್ಲಿನಿಕ್ಕುಗಳು ಎದ್ದಿದ್ದವು. ಸೊಂಟದ ಮೂಳೆಯಿಂದ ಒಂದಿಷ್ಟು ಕಾಂಡಕೋಶ ತೆಗೆಯುವುದು, ಬೆಳೆಸುವುದು, ನೋಯುವ ಕೀಲಿಗೆ ಚುಚ್ಚುವುದು. ಹತ್ತು ಜನರಲ್ಲಿ ನಾಲ್ವರು ಎದ್ದು ಓಡಾಡಿದರು, ನಾಲ್ವರು ಇದ್ದ ಹಾಗೇ ಇದ್ದರು, ಇಬ್ಬರು ಮೊದಲಿಗಿಂತ ಕೆಟ್ಟರು. ಯಾರು ಯಾವ ಗುಂಪಿಗೆ ಬೀಳುತ್ತಾರೆಂದು ಚುಚ್ಚುವ ಮೊದಲು ಹೇಳಲು ಒಬ್ಬರಿಗೂ ಬರುತ್ತಿರಲಿಲ್ಲ. ಚುಚ್ಚಿದ ಮೇಲೆ ಎಲ್ಲರಿಗೂ ಬರುತ್ತಿತ್ತು. ಕೊನೆಗೆ ಸರಕಾರ ಒಂದು ಕಾಯಿದೆ ತಂದಿತು. ಯಾವ ಕೀಲಿಗೆ ಚಿಕಿತ್ಸೆಯೋ ಆ ಕೀಲು ಮೊದಲು ಪೆಟ್ಟಿಗೆಯಲ್ಲಿ ಒಂದು ವರ್ಷ ಬದುಕಿ ತೋರಿಸಬೇಕು.

ಪೆಟ್ಟಿಗೆ ಎಂದರೆ ಊಟದ ಡಬ್ಬಿಯಷ್ಟು ದೊಡ್ಡದು. ಒಳಗೆ ಮೈಯಷ್ಟೇ ಬಿಸಿಯಾದ ದ್ರವ. ಮೂಳೆಗಳ ತುದಿಗೆ ಮೆತ್ತೆಯ ಹಾಗೆ ಒಂದು ಪದರವಿರುತ್ತದೆ, ಮೃದ್ವಸ್ಥಿ ಅಂತ. ರೋಗಿಯ ಕಾಲಿನಿಂದ ತೆಗೆದ ಅದರ ಒಂದು ಸವೆದ ಚೂರು, ಅದರ ಮೇಲೆ ಅವರದೇ ಕಾಂಡಕೋಶಗಳಿಂದ ಬೆಳೆಸಿದ ಹೊಸ ಪದರ, ಎರಡನ್ನೂ ಹಿಡಿದ ಎರಡು ಲೋಹದ ತಟ್ಟೆಗಳು. ರೋಗಿ ಮೊಣಕಾಲಿಗೆ ಒಂದು ಪಟ್ಟಿ ಕಟ್ಟಿಕೊಂಡು ಇಪ್ಪತ್ತೊಂದು ದಿನ ತನ್ನ ಪಾಡಿಗೆ ತಾನಿರಬೇಕು. ಕೂತದ್ದು, ಎದ್ದದ್ದು, ಮೆಟ್ಟಿಲು ಹತ್ತಿದ್ದು, ಎಲ್ಲವನ್ನೂ ಪಟ್ಟಿ ದಾಖಲಿಸಿ ನಮಗೆ ಕಳಿಸುತ್ತದೆ. ತಟ್ಟೆಗಳು ಅದನ್ನೇ ಒತ್ತಿ, ಜಾರಿಸಿ, ತಿರುಚಿ ಮತ್ತೆ ಮತ್ತೆ ಮಾಡುತ್ತವೆ, ಹನ್ನೆರಡು ಪಟ್ಟು ವೇಗದಲ್ಲಿ. ತಿಂಗಳಿಗೆ ಒಂದು ವರ್ಷ ಮುಗಿಯುತ್ತದೆ. ಹೊಸ ಪದರ ಹಳೆಯದಕ್ಕೆ ಅಂಟಿ ಉಳಿದರೆ ಎಪ್ಪತ್ತಕ್ಕೆ ಮೇಲ್ಪಟ್ಟು ಅಂಕ, ಚಿಕಿತ್ಸೆ ಸೂಕ್ತ. ಉಳಿಯದಿದ್ದರೆ ಬೇಡ. ಏಕೆಂದರೆ ಅದು ಕಿತ್ತು ಬರುವಾಗ ತಾನೊಂದೇ ಬರುವುದಿಲ್ಲ. ತಾನು ಕೆಟ್ಟ ಕೋತಿ ವನವನ್ನೆಲ್ಲ ಕೆಡಿಸಿದ ಹಾಗೆ, ಕೆಳಗೆ ಚೆನ್ನಾಗಿದ್ದ ಪದರವನ್ನೂ ಕಿತ್ತುಕೊಂಡು ಬರುತ್ತದೆ. ಆಮೇಲೆ ಆ ಕಾಲಿನ ಮೇಲೆ ನಿಲ್ಲುವುದೇ ಕಷ್ಟ.

ಶಂಕ್ರವ್ವ ಕೊಡೇಕಲ್ಲ ನಮ್ಮಲ್ಲಿಗೆ ಬಂದದ್ದು ಯುಗಾದಿ ಕಳೆದ ವಾರ. ಗುಳೇದಗುಡ್ಡದವರು, ಐವತ್ತೆಂಟು ವರ್ಷ, ಕುಣಿಮಗ್ಗದಲ್ಲಿ ಕುಬಸದ ಖಣ, ಅಂದರೆ ರವಿಕೆಯ ಬಟ್ಟೆ, ನೇಯುವವರು. ನೋವು ಬಲಗಾಲಿನದು. ಗಂಡ ತೀರಿಕೊಂಡಿದ್ದಾರೆ, ಮಗ ಬಸ್ಸಿನ ಕಂಡಕ್ಟರ್. ಜೊತೆಗೆ ಬಂದಿದ್ದವಳು ಸೊಸೆ ದ್ರಾಕ್ಷಾಯಣಿ. ಅತ್ತೆಯ ತೋಳು ಹಿಡಿದು ಕುರ್ಚಿಯಿಂದ ಎಬ್ಬಿಸುವುದನ್ನು ನೋಡಿದಾಗಲೇ ಇದು ದಿನಾ ಹತ್ತು ಸಲ ಮಾಡಿ ರೂಢಿಯಾದ ಕೆಲಸ ಎಂದು ಗೊತ್ತಾಗುತ್ತಿತ್ತು.

"ನಮ್ಮ ಓಣ್ಯಾಗ ಒಬ್ಬಾಕಿ ಚುಚ್ಚಿಸ್ಕೊಂಡು ಈಗ ಕೋಲು ಹಿಡದಾಳ್ರಿ," ಎಂದರು ಶಂಕ್ರವ್ವ. "ಇನ್ನೊಬ್ಬಾಕಿ ಚುಚ್ಚಿಸ್ಕೊಂಡು ಬದಾಮಿ ಗುಡ್ಡಾ ಹತ್ತಿ ಬಂದಾಳ. ನಾ ಯಾರ ಗತಿ ಆಕ್ಕೀನಿ, ಅಷ್ಟು ಹೇಳ್ರಿ ಸಾಹೇಬ್ರ."

"ಅದನ್ನ ಹೇಳಾಕ ನಾವು ಇರೂದು ಅವ್ವಾರ," ಎಂದು ನಾನು ಪಟ್ಟಿ ಕಟ್ಟಿದೆ.

ಅವರು ಪಟ್ಟಿಯನ್ನು ಎರಡು ಬೆರಳಿನಲ್ಲಿ ಮುಟ್ಟಿ ನೋಡಿದರು. "ಇದನ್ನ ಹಾಕ್ಕೊಂಡು ಸಂಡಾಸಕ್ಕ ಹೋಗಬಹುದೇನ್ರಿ?"

"ಹೋಗ್ರಿ. ಎಲ್ಲಾ ಕಡೆ ಇರಲಿ."

"ದೇವರ ಮುಂದ?"

ಸೂಚನೆಯ ಹಾಳೆಯಲ್ಲಿ ಅದಕ್ಕೆಂದೇ ಒಂದು ಸಾಲಿತ್ತು. ಬರೆದವನು ನಾನೇ: ‘ಸ್ನಾನ ಮತ್ತು ಪೂಜೆಯ ಹೊತ್ತಿನಲ್ಲಿ ಪಟ್ಟಿಯನ್ನು ತೆಗೆದಿಡಬಹುದು.’ ದ್ರಾಕ್ಷಾಯಣಿ ಓದಿ ಹೇಳಿದಳು. ಶಂಕ್ರವ್ವ ತಲೆಯಾಡಿಸಿದರು. ನಮ್ಮಲ್ಲಿಗೆ ಬರುವ ಎಷ್ಟೋ ಜನರಂತೆ ಎರಡೆರಡು ಸಲ ಕೇಳಲಿಲ್ಲ. ಜಾಣರು ಎಂದುಕೊಂಡೆ.

ಅವರ ಮೊಣಕಾಲು ಪೆಟ್ಟಿಗೆಯಲ್ಲಿ ನಡೆದ ಚೆಂದವನ್ನು ಹೇಳಲೇಬೇಕು. ಆರು ವರ್ಷದಲ್ಲಿ ನಾನು ನಾನೂರಕ್ಕೂ ಹೆಚ್ಚು ಕೀಲುಗಳನ್ನು ನಡೆಸಿದ್ದೇನೆ. ಬಹಳಷ್ಟು ಪದರಗಳು ಪೆಟ್ಟಿಗೆಯ ಲೆಕ್ಕದ ಎಂಟನೆಯ ತಿಂಗಳಿಗೆ ಅಂಚಿನಲ್ಲಿ ಏಳತೊಡಗುತ್ತವೆ. ಇವರದು ಹನ್ನೆರಡು ತಿಂಗಳು ಮುಗಿದರೂ ಒಂದು ಎಳೆ ಎದ್ದಿರಲಿಲ್ಲ. ಬೆಳ್ಳಗೆ, ನುಣ್ಣಗೆ, ಸುಲಿದಿಟ್ಟ ಎಳನೀರ ಗಂಜಿಯ ಹಾಗೆ ಹೊಳೆಯುತ್ತಿತ್ತು. ಅಂಕ ತೊಂಬತ್ಮೂರು. ನಾನು ಖುಷಿಯಲ್ಲಿ ಅಮೀನಗಡದ ಕರದಂಟು ತರಿಸಿ ಎಲ್ಲರಿಗೂ ಹಂಚಿದೆ. ನಮ್ಮ ಮುಖ್ಯ ವೈದ್ಯರಾದ ಡಾಕ್ಟರ್ ವಾಸೀಂ ಬಾಗವಾನರು ಒಂದು ತುಂಡು ಬಾಯಿಗೆ ಹಾಕಿಕೊಂಡು ಗುರುವಾರಕ್ಕೆ ಚುಚ್ಚುವ ದಿನ ನಿಗದಿ ಮಾಡಿದರು.

ಅಷ್ಟಕ್ಕೆ ಸುಮ್ಮನಿದ್ದರೆ ಈ ಕಥೆ ಇರುತ್ತಿರಲಿಲ್ಲ. ಶಂಕ್ರವ್ವನ ಕಾಲೂ ಇರುತ್ತಿರಲಿಲ್ಲ. ತಪ್ಪು ಸಿಕ್ಕಿದ್ದು ನನ್ನ ಜಾಣತನದಿಂದ ಎಂದು ಹೇಳಲು ನನಗೂ ಆಸೆ. ನಿಜವೆಂದರೆ ಅದು ಸಿಕ್ಕಿದ್ದು ಜಂಬದಿಂದ. ಧಾರವಾಡದಲ್ಲಿ ನಡೆಯಲಿದ್ದ ಸಮ್ಮೇಳನದಲ್ಲಿ ಈ ತೊಂಬತ್ಮೂರನ್ನು ದೊಡ್ಡ ಪರದೆಯ ಮೇಲೆ ತೋರಿಸಬೇಕೆಂದು ಸೋಮವಾರ ಬೆಳಿಗ್ಗೆ ಅವರ ದಾಖಲೆಯನ್ನೆಲ್ಲ ಬಿಚ್ಚಿ ಕೂತಿದ್ದೆ. ಬರಿಯ ಒತ್ತಡದ ಗೆರೆ ಸಪ್ಪೆಯಾಯಿತು ಎನಿಸಿ, ಅಂದಕ್ಕಿರಲಿ ಎಂದು ಪಟ್ಟಿ ಅಳೆದ ಚರ್ಮದ ಬಿಸಿಯ ಗೆರೆಯನ್ನೂ ಪಕ್ಕದಲ್ಲಿ ಎಳೆದೆ. ಅದನ್ನು ಸಾಮಾನ್ಯವಾಗಿ ಯಾರೂ ನೋಡುವುದಿಲ್ಲ.

ಬೆಳಿಗ್ಗೆ ಒಂಬತ್ತೂವರೆಯಾಗುತ್ತಲೇ ಬಿಸಿಯ ಗೆರೆ ಇಳಿಯುತ್ತಿತ್ತು. ಒಂದು ಗಂಟೆಗೆ ಏರುತ್ತಿತ್ತು. ಎರಡೂವರೆಗೆ ಮತ್ತೆ ಇಳಿದು ಆರಕ್ಕೆ ಏರುತ್ತಿತ್ತು. ಇಪ್ಪತ್ತೊಂದು ದಿನಗಳಲ್ಲಿ ಹದಿನೆಂಟು ದಿನ ಹೀಗೇ. ಇಳಿದಾಗ ಅದು ಗೋಡೆಯ ಬಿಸಿಯಷ್ಟೇ ಇತ್ತು. ಬದುಕಿರುವ ಹೆಂಗಸಿನ ಕಾಲು ಗೋಡೆಯಷ್ಟು ತಣ್ಣಗಿರಲು ಸಾಧ್ಯವಿಲ್ಲ. ಆ ಹೊತ್ತಿನಲ್ಲಿ ಪಟ್ಟಿ ಕಾಲಿನ ಮೇಲೆ ಇರಲೇ ಇಲ್ಲ. ಏನೂ ಚಲನೆ ಕಾಣದ ಕಡೆ ನಮ್ಮ ತಂತ್ರಾಂಶ ತನ್ನಷ್ಟಕ್ಕೆ ತಾನೇ ‘ವಿಶ್ರಾಂತಿ’ ಎಂದು ತುಂಬಿಕೊಂಡಿತ್ತು. ದಿನಕ್ಕೆ ಏಳು ಗಂಟೆ ವಿಶ್ರಾಂತಿ ಪಡೆಯುವ ಒಬ್ಬ ನೇಕಾರಳ ಮೊಣಕಾಲನ್ನು ನಾನು ಒಂದು ತಿಂಗಳು ನಡೆಸಿ, ಕರದಂಟು ಹಂಚಿದ್ದೆ.

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಬಾಗವಾನರಿಗೆ ತೋರಿಸಿದೆ. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಚುಚ್ಚಿದ್ದರ ಏನಾಗತಿತ್ತು ಬಿಳ್ಳೂರ?"

"ಮಗ್ಗದಾಗ ಏನ್ ಮಾಡ್ತಾರಂತ ಗೊತ್ತಿಲ್ಲದ ಹೇಳಾಕ ಬರಂಗಿಲ್ಲ ಸರ್."

"ಹಂಗಾರ ಹೋಗಿ ನೋಡಿ ಬಾ. ಗುರುವಾರ ರದ್ದು."

ಗುಳೇದಗುಡ್ಡದ ಆ ಮನೆಯಲ್ಲಿ ಮುಂದಿನ ಕೋಣೆಯೇ ಮಗ್ಗದ ಕೋಣೆ. ನೆಲದಲ್ಲಿ ಸೊಂಟದಾಳದ ಕುಣಿ. ಅಂಚಿನಲ್ಲಿ ಕೂತು ಕಾಲನ್ನು ಒಳಗೆ ಇಳಿಬಿಟ್ಟು, ಕೆಳಗಿನ ಕೋಲುಗಳನ್ನು ತುಳಿಯುತ್ತ ಲಾಳಿ ಎಸೆಯಬೇಕು. ಶಂಕ್ರವ್ವ ನೇಯುತ್ತಿದ್ದರು. ಪಕ್ಕದಲ್ಲಿ ದ್ರಾಕ್ಷಾಯಣಿ ಲಾಳಿಯೊಳಗೆ ಕೂರುವ ಕಂಡಕಿಗೆ ನೂಲು ಸುತ್ತುತ್ತಿದ್ದಳು. ಪರೀಕ್ಷೆ ಮುಗಿದಿದ್ದರೂ ಪಟ್ಟಿಯನ್ನು ವಾಪಸು ಕೊಟ್ಟಿರಲಿಲ್ಲ. ಅದು ಬಾಗಿಲ ಹೊರಗೆ, ಚಪ್ಪಲಿ ಬಿಡುವ ಜಾಗದ ಮೇಲಿನ ಗೂಟದಲ್ಲಿ ತೂಗುತ್ತಿತ್ತು.

"ಅವ್ವಾರ, ನೇಯುವಾಗ ಇದನ್ನ ತಗೀತಿದ್ರೇನು?"

"ಮತ್ತ?" ಎಂದರು ಅವರು, ನಾನು ಕೇಳಿದ್ದೇ ವಿಚಿತ್ರವೆಂಬಂತೆ. "ಸಂಡಾಸಕ್ಕ ಹೋಗಿ ಬಂದದ್ದನ್ನ ಕಾಲಿಗೆ ಕಟ್ಕೊಂಡು ಕುಣ್ಯಾಗ ಇಳಿಯೂದೇನ್ರಿ? ದೇವರ ಜಾಗ ಇದು. ದಿನಾ ಮಗ್ಗಕ್ಕ ಇಬತ್ತಿ ಹಚ್ಚಿ, ಕೈ ಮುಗದು ಕುಂದರತೀವಿ. ನಿಮ್ಮ ಹಾಳ್ಯಾಗ ಬರದೈತಲ್ಲ, ಪೂಜಿ ಹೊತ್ತಿನ್ಯಾಗ ತಗೀರಿ ಅಂತ."

ನನ್ನ ಸಾಲನ್ನು ಅವರು ಅಕ್ಷರಶಃ ಪಾಲಿಸಿದ್ದರು. ಒಬ್ಬರ ಪೂಜೆ ಹತ್ತು ನಿಮಿಷದ್ದು, ಇನ್ನೊಬ್ಬರದು ಏಳು ಗಂಟೆಯದು ಇರಬಹುದೆಂದು ಆ ಸಾಲು ಬರೆದವನಿಗೆ ಹೊಳೆದಿರಲಿಲ್ಲ. ನಾನು ವಿಷಯ ತಿಳಿಸಿ ಹೇಳಿದೆ. ತುಳಿತವನ್ನೂ ದಾಖಲಿಸದೆ ಚುಚ್ಚಿದರೆ ಓಣಿಯ ಕೋಲು ಹಿಡಿದವಳ ಗತಿಯೇ ಆದೀತು ಎಂದೆ. ಶಂಕ್ರವ್ವ ಲಾಳಿ ನಿಲ್ಲಿಸಿದರು. ಅವರ ಮುಖದಲ್ಲಿ ಹೆದರಿಕೆ ಕಂಡದ್ದು ಅದೊಂದೇ ಸಲ. ಆದರೂ ಆ ಪಟ್ಟಿಯನ್ನು ಒಳಗೆ ತರಲು ಒಪ್ಪಲಿಲ್ಲ.

ದಾರಿ ಹುಡುಕಿದವಳು ದ್ರಾಕ್ಷಾಯಣಿ. "ಸರ್, ಹೊಸಾದೊಂದು ಕೊಡ್ರಿ. ಯಾರೂ ಕಟ್ಕೊಳ್ಳಾರದ್ದು. ಅದನ್ನ ಮಗ್ಗದಾಗಷ್ಟ ಇಡೂಣು. ಹೊರಗಿಂದು ಹೊರಗ, ಒಳಗಿಂದು ಒಳಗ."

ಮರುದಿನ ಹೊಸ ಪಟ್ಟಿ ತೆಗೆದುಕೊಂಡು ಹೋದೆ. ಶಂಕ್ರವ್ವ ಅದಕ್ಕೆ ನೀರು ಚಿಮುಕಿಸಿ, ಮೂರು ಬೆರಳಿನ ವಿಭೂತಿ ಎಳೆದು, ಕುಂಕುಮ ಹಚ್ಚಿ, ಮಗ್ಗದ ಚೌಕಟ್ಟಿಗೆ ಮುಟ್ಟಿಸಿ ಕಾಲಿಗೆ ಕಟ್ಟಿಕೊಂಡರು. ವಿಭೂತಿ ಸಂವೇದಕದ ಮೇಲೆ ಬೀಳದಂತೆ ನೋಡಿಕೊಳ್ಳುವುದಷ್ಟೇ ನನ್ನ ಪಾಲಿಗೆ ಬಂದ ವಿಜ್ಞಾನ.

ಎರಡನೆಯ ದಾಖಲೆ ಬಂದಾಗ ನಾನು ಎಣಿಸಿದೆ. ನಿಮಿಷಕ್ಕೆ ನಲವತ್ತು ತುಳಿತ, ದಿನಕ್ಕೆ ಹದಿನೈದು ಸಾವಿರ. ಅದರ ಮೇಲೆ ಕುಣಿಯಿಂದ ಏಳುವಾಗ ಬಲಗಾಲನ್ನು ಮಡಚಿ ಅಂಚಿಗೆ ಒತ್ತಿ, ಇಡೀ ಮೈಯನ್ನು ಅದರ ಮೇಲೆ ತಿರುಗಿಸುವ ಒಂದು ತಿರುಚು. ಮೊದಲೇ ತೆಗೆದು ಉಳಿಸಿಟ್ಟ ಚೂರುಗಳಲ್ಲಿ ಎರಡನೆಯದನ್ನು ಬೇರೆ ಪೆಟ್ಟಿಗೆಯಲ್ಲಿಟ್ಟು ನಡೆಸಿದೆ. ಮೊದಲ ಪೆಟ್ಟಿಗೆಯನ್ನೂ ನಿಲ್ಲಿಸಲಿಲ್ಲ, ಪಕ್ಕದಲ್ಲೇ ಓಡುತ್ತಿತ್ತು. ಎರಡನೆಯದು ನಾಲ್ಕನೆಯ ತಿಂಗಳಿಗೆ ಅಂಚಿನಲ್ಲಿ ಎದ್ದಿತು. ತುಳಿತವನ್ನು ಅದು ಹೇಗೋ ತಡೆದುಕೊಳ್ಳುತ್ತಿತ್ತು, ಏಳುವಾಗಿನ ಆ ತಿರುಚನ್ನು ತಡೆಯಲಿಲ್ಲ. ಏಳನೆಯ ತಿಂಗಳಿಗೆ ಪೂರ್ತಿ ಕಿತ್ತು, ಕೆಳಗಿನದನ್ನೂ ಎಬ್ಬಿಸಿಕೊಂಡು ಬಂತು. ಕುಣಿಯ ಅಂಚಿಗೊಂದು ಮೆಟ್ಟಿಲು ಕೂರಿಸಿದಂತೆ ಲೆಕ್ಕ ಬದಲಿಸಿ ಮೂರನೆಯ ಚೂರನ್ನೂ ನಡೆಸಿ ನೋಡಿದೆ. ಒಂಬತ್ತು ತಿಂಗಳು ಬಂತು, ಅಷ್ಟೇ. ನನಗೆ ನಿಜವಾಗಿಯೂ ಬೇಜಾರಾಯಿತು.

ಕುಣಿಮಗ್ಗ ಬಿಡದೆ ಈ ಚಿಕಿತ್ಸೆ ಇಲ್ಲ. ಉತ್ತರ ಸ್ಪಷ್ಟವಾಗಿತ್ತು. ಅತ್ತೆ, ಸೊಸೆ ಇಬ್ಬರನ್ನೂ ಕರೆಸಿದೆವು. ಅವರು ಬರುವ ಮೊದಲೇ ನಾನು ವರದಿಯನ್ನು ಟೈಪು ಮಾಡಿ ಮುಗಿಸಿದ್ದೆ. ಸಹಿಯೊಂದು ಬಾಕಿ.

ಬಾಗವಾನರು ಮೊದಲ ಎರಡು ಪೆಟ್ಟಿಗೆಗಳ ಮುಚ್ಚಳದ ಗಾಜಿನ ಮೇಲೆ ದೀಪ ಹಾಕಿದರು. ಶಂಕ್ರವ್ವ ಸೊಸೆಯ ಭುಜ ಹಿಡಿದು ಬಗ್ಗಿ ನೋಡಿದರು. ಎರಡನೆಯದರಲ್ಲಿ ಹರಿದ ಪದರ ಜಿಡ್ಡುಗಟ್ಟಿದ ನೂಲಿನ ಹಾಗೆ ತೇಲುತ್ತಿತ್ತು.

"ಇದು ನಂದು," ಎಂದರು.

"ಎರಡೂ ನಿಮ್ಮದ," ಎಂದೆ.

"ಗೊತ್ತಾತು. ಇದು ಮಗ್ಗಕ್ಕ ಕುಂತದ್ದು, ಅದು ಕುಂದರಲಾರದ್ದು." ಮೊದಲ ಪೆಟ್ಟಿಗೆಯ ಮುಂದೆ ಅವರು ಬಹಳ ಹೊತ್ತು ನಿಂತರು. ಒಳಗೆ ತಟ್ಟೆ ಮೆಲ್ಲಗೆ ಒತ್ತಿ ಬಿಡುತ್ತಿತ್ತು. "ಎಷ್ಟ್ ಬೆಳ್ಳಗ ಐತಿ ನೋಡ ದ್ರಾಕ್ಷಾಯಣಿ."

"ಹೌದ್ರಿ ಅತ್ತಿ."

ಬಾಗವಾನರು ನನ್ನ ಕಡೆ ನೋಡಿದರು. ನಾನು ವರದಿಯನ್ನು ಓದಿದೆ: ‘ರೋಗಿಯು ನೇಕಾರಿಕೆಯನ್ನು ಮುಂದುವರಿಸುವುದರಿಂದ ಕಾಂಡಕೋಶ ಚಿಕಿತ್ಸೆ ಸೂಕ್ತವಲ್ಲ. ವ್ಯಾಯಾಮ ಮತ್ತು ನೋವಿನ ಮಾತ್ರೆಗಳನ್ನು ಸೂಚಿಸಲಾಗಿದೆ.’ ಓದುವಾಗ ದನಿ ಸ್ವಲ್ಪ ಮೃದುವಾಗಿಯೇ ಇತ್ತು. ಕಸುಬಿಗಾಗಿ ಕಾಲನ್ನೇ ಬಿಟ್ಟುಕೊಟ್ಟ ತಾಯಿ ಎಂದು ಸಮ್ಮೇಳನದಲ್ಲಿ ಹೇಳಬೇಕೆಂದೂ ಯೋಚಿಸಿಟ್ಟಿದ್ದೆ.

"ಮುಂದುವರಿಸತೀನಿ ಅಂತ ನಾ ಯಾವಾಗ ಅಂದೆ?" ಎಂದರು ಶಂಕ್ರವ್ವ.

ನಾನು ಕೈಯಲ್ಲಿದ್ದ ಹಾಳೆಯನ್ನು ಮತ್ತೊಮ್ಮೆ ನೋಡಿದೆ.

"ದೇವರ ಜಾಗ ಅಂದ್ರಲ್ಲ ಅವ್ವಾರ," ಎಂದೆ. ಮಾತು ಬಾಯಿಂದ ಬಿದ್ದ ಮೇಲೆ ಅದು ಎಷ್ಟು ಪೆದ್ದು ಎಂದು ಗೊತ್ತಾಯಿತು.

"ದೇವರ ಜಾಗ ಅಂತ ಅಂಜತೀನಿ. ಅಲ್ಲೇ ಕುಂದರಾಕ ನನಗ ಇಷ್ಟ ಅಂತ ಯಾರ್ ಹೇಳಿದ್ರು ನಿಮಗ? ಹದಿಮೂರು ವರ್ಷಕ್ಕ ನಮ್ಮಪ್ಪ ಕುಣ್ಯಾಗ ಇಳಿಸಿದ. ಮದಿವಿ ಆದಮ್ಯಾಗ ಮಾವ ಇಳಿಸಿದ. ಬಸುರಿದ್ದಾಗ ಇಳದೀನಿ, ಗಂಡ ಸತ್ತ ಹನ್ನೆರಡನೇ ದಿನಕ್ಕ ಇಳದೀನಿ. ಇಳೀತೀ ಏನವಾ ಅಂತ ಒಬ್ಬರೂ ಕೇಳಿಲ್ಲ. ನೀವು ಕೇಳತೀರಿ ಅಂತ ಮಾಡಿದ್ನಿ. ದೊಡ್ಡ ದೊಡ್ಡ ಯಂತ್ರ ಇಟ್ಕೊಂಡೀರಿ. ನೀವೂ ಬರದು ಇಟ್ಟಬಿಟ್ಟೀರಿ."

ನನಗೆ ನಾಚಿಕೆಯಾಯಿತು. ಬಾಗವಾನರು ನನ್ನ ಕೈಯಿಂದ ವರದಿ ತೆಗೆದುಕೊಂಡು ನಾಲ್ಕಾಗಿ ಹರಿದು ಬುಟ್ಟಿಗೆ ಹಾಕಿದರು.

"ಏನ್ ಮಾಡಬೇಕಂತೀರಿ ಅವ್ವಾರ ಹೊಸಾ ಕಾಲಿನ್ಯಾಗ?" ಎಂದು ಕೇಳಿದರು.

"ನಿಂತು ರೊಟ್ಟಿ ಬಡೀತೀನಿ. ಬಾಜಾರಕ್ಕ ಹೋಗತೀನಿ. ನಲವತ್ತೈದು ವರ್ಷ ಖಣಾ ನೇಯ್ದೀನಿ ಡಾಕ್ಟರ, ಅದನ್ನ ಯಾರ್ ತೊಟ್ಟಾರ ಅಂತ ನೋಡಿಲ್ಲ."

ದ್ರಾಕ್ಷಾಯಣಿ ಮೆಲ್ಲಗೆ ಕೇಳಿದಳು. "ಹಂಗಾರ ನಾ ಕುಂದರಬೇಕೇನ್ರಿ ಅತ್ತಿ?" ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುತ್ತಾರೆ. ಅವಳಿಗೆ ಆ ಕಾಲ ಹೀಗೆ ಬರುವುದು ಬೇಕಿರಲಿಲ್ಲ ಎಂಬುದು ಅವಳ ಮುಖದಲ್ಲೇ ಇತ್ತು.

"ಕುಣಿ ಮುಚ್ಚಸೂಣು," ಎಂದರು ಶಂಕ್ರವ್ವ. "ಪೂಜಿ ಮಾಡಿ, ತಪ್ಪಾತವಾ ತಾಯಿ ಅಂತ ಬೇಡ್ಕೊಂಡು ಮುಚ್ಚಸೂಣು. ನೀ ಇಳೀಬ್ಯಾಡ. ಇಪ್ಪತ್ತು ವರ್ಷ ಬಿಟ್ಟು ನಿನ್ನ ಮೊಣಕಾಲನ್ನ ಪೆಟ್ಟಿಗ್ಯಾಗ ನೋಡಾಕ ನಾ ಇಲ್ಲಿಗೆ ಬರಂಗಿಲ್ಲ."

ಬಾಗವಾನರು ಒಂದೇ ಷರತ್ತು ಹಾಕಿದರು. ಬಿಡುತ್ತೇನೆ ಎನ್ನುವುದು ಬೇರೆ, ಬಿಟ್ಟದ್ದು ಬೇರೆ. ಕುಣಿ ಮುಚ್ಚಿದ ಮೇಲೆ ಇಪ್ಪತ್ತೊಂದು ದಿನ ಪಟ್ಟಿ ಕಟ್ಟಿಕೊಂಡು ಇರಬೇಕು, ಸ್ನಾನಕ್ಕೆ, ಹತ್ತು ನಿಮಿಷದ ಪೂಜೆಗೆ ಬಿಟ್ಟು ಬೇರೆ ಯಾವುದಕ್ಕೂ ತೆಗೆಯಕೂಡದು. ಆ ದಾಖಲೆಯಲ್ಲಿ ಕಾಲಿನ ಮೇಲೆ ಬೀಳುವ ಭಾರ ಮೊದಲ ಪೆಟ್ಟಿಗೆಯ ಲೆಕ್ಕವನ್ನು ಮೀರದಿದ್ದರೆ ಚುಚ್ಚುವುದು. ಸೂಚನೆಯ ಹಾಳೆಯನ್ನು ನಾನು ಹೊಸದಾಗಿ ಬರೆದೆ. ಈ ಸಲ ಬರೆಯುವ ಮೊದಲು ದ್ರಾಕ್ಷಾಯಣಿಗೆ ಫೋನ್ ಮಾಡಿ ಬೆಳಗಿನಿಂದ ಸಂಜೆಯವರೆಗೆ ಮನೆಯಲ್ಲಿ ಯಾರು ಯಾವಾಗ ಏನು ಮಾಡುತ್ತಾರೆಂದು ಕೇಳಿಕೊಂಡೆ.

ಮೂರನೆಯ ದಾಖಲೆ ಬಂತು. ಮೊದಲು ಬಿಸಿಯ ಗೆರೆ ನೋಡಿದೆ. ಸ್ನಾನ, ಪೂಜೆಯ ಹೊತ್ತು ಬಿಟ್ಟರೆ ಎಲ್ಲೂ ಇಳಿದಿರಲಿಲ್ಲ. ನಡಿಗೆ, ಮೆಟ್ಟಿಲು, ಒಲೆಯ ಮುಂದೆ ನಿಂತದ್ದು, ಎಲ್ಲವೂ ಲೆಕ್ಕದ ಒಳಗೇ ಇತ್ತು. ಆದರೆ ಐದನೆಯ ದಿನದಿಂದ ಬೆಳಿಗ್ಗೆ ಒಂಬತ್ತೂವರೆಗೆ ಹೊಸದೊಂದು ಗೆರೆ ಕಾಣತೊಡಗಿತ್ತು. ಮೊಣಕಾಲು ಮಡಚಿದೆ, ಮೇಲೆ ಭಾರವೇನೂ ಇಲ್ಲ, ಪಾದ ಮಾತ್ರ ಕೆಳಗೆ ಮೇಲೆ ಆಡುತ್ತಿದೆ. ಮೊದಲ ದಿನ ಹತ್ತು ನಿಮಿಷ. ಆಮೇಲೆ ಅರ್ಧ ಗಂಟೆ. ಕೊನೆಯ ವಾರದಲ್ಲಿ ಒಂದು ಗಂಟೆಗೂ ಹೆಚ್ಚು. ಎಣಿಸಿದೆ. ನಿಮಿಷಕ್ಕೆ ನಲವತ್ತು.

ಬಾಗವಾನರು ಪರದೆಯನ್ನು ದಿಟ್ಟಿಸಿದರು. "ಕುಣಿ ಮುಚ್ಚ್ಯಾರೋ ಇಲ್ಲೋ?"

"ಮುಚ್ಚ್ಯಾರ ಸರ್. ಮ್ಯಾಲ ಫರಸಿ ಕಲ್ಲು ಹಾಕಿಸ್ಯಾರ. ಫೋಟೋ ಕಳಿಸ್ಯಾರ."

"ಭಾರ ಇಲ್ಲ?"

"ಏನೂ ಇಲ್ಲ."

"ಹಂಗಾರ ಪದರಕ್ಕ ಧಕ್ಕಿ ಇಲ್ಲ. ಆದರೂ ಅವರನ್ನ ಕೇಳು," ಎಂದು ಅವರು ಹೊರಟುಹೋದರು.

ಫೋನ್ ಎತ್ತಿದವರು ಶಂಕ್ರವ್ವನೇ. ಆಗ ಬೆಳಗಿನ ಹತ್ತು ಗಂಟೆ.

"ಅವ್ವಾರ, ಈಗ ಏನ್ ಮಾಡಾಕತ್ತೀರಿ?"

"ಏನಿಲ್ಲೋ ತಮ್ಮಾ. ಪಡಸಾಲಿ ಕಟ್ಟೀ ಮ್ಯಾಲ ಸುಮ್ಮ ಕುಂತೀನಿ. ಸುಮ್ಮ ಕುಂದರೂದು ಕಲಿಯಾಕತ್ತೀನಿ. ಭಾಳ ಕಷ್ಟ ಐತಿ ಅದು."

ಅವರ ಮಾತಿನ ಹಿಂದೆ ಒಂದು ಸದ್ದು ಕೇಳುತ್ತಿತ್ತು. ಅಂಗಾಲು ಕಲ್ಲಿಗೆ ತಗಲುವ ಸದ್ದು. ಹೇಗೆ ಕೇಳಬೇಕೆಂದು ತಿಳಿಯದೆ ನೇರವಾಗಿಯೇ ಕೇಳಿದೆ. "ನಿಮ್ಮ ಬಲಗಾಲು ನೋಡ್ರಿ ಅವ್ವಾರ. ಮೆಟ್ಟಾಕತ್ತೈತಿ."

ಸದ್ದು ತಟ್ಟನೆ ನಿಂತಿತು. "ಹೌದೇನ?" ಎಂದು ಅವರು ಯಾರನ್ನೋ ಕೇಳಿದ್ದು, "ದಿನಾ ಹಂಗ ಮಾಡತೀರಿ ಅತ್ತಿ, ನನಗ ಹೇಳಾಕ ಮನಸಾಗಲಿಲ್ಲ," ಎಂದು ದ್ರಾಕ್ಷಾಯಣಿ ಅಂದದ್ದು ಕೇಳಿಸಿತು. ಮತ್ತೆ ಕುಣಿ ತೆಗೆಸುತ್ತೇನೆ ಎಂದು ಶಂಕ್ರವ್ವ ಅಂದುಬಿಟ್ಟಾರೆಂದು ಹೆದರಿದೆ. ಮುಂದೆ ತೆರೆದಿಟ್ಟ ವರದಿಯಲ್ಲಿ ಸೂಕ್ತ, ಸೂಕ್ತವಲ್ಲ ಎಂಬ ಎರಡು ಚೌಕಗಳೂ ಖಾಲಿ ಇದ್ದವು.

"ಅವ್ವಾರ, ಏನಂತ ಬರೀಲಿ?" ಎಂದೆ.

ಶಂಕ್ರವ್ವ ಮೂಗು ಒರೆಸಿಕೊಂಡ ಸದ್ದು ಕೇಳಿಸಿತು. ಆಮೇಲೆ ಅವರ ದನಿ ಎಂದಿನಂತೆಯೇ ಇತ್ತು.

"ಕುಣಿ ಮುಚ್ಚೈತಿ ಅಂತ ಕಾಲಿಗೆ ಇನ್ನೂ ಗೊತ್ತಾಗಿಲ್ಲೋ ತಮ್ಮಾ. ಅದಕ್ಕ ನಾ ಹೇಳತೀನಿ. ನೀ ಸಹಿ ಮಾಡು."